ಮನೆಯಲ್ಲೇ ಕೋಳಿಮರಿ ಮಾಡಿಸುವವರಿಗೆ ಕೆಲವು ಮಾತು

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯೆಯರಿಗಾಗಿ ನಡೆದ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಹಾಲಿನ ಡಾಕ್ಟರು ಇವತ್ತು ಕೋಳಿ ವಿಚಾರ ಯಾಕೆ ತೆಗೆದರು ಎಂದು ನೀವು ಅಂದುಕೊಳ್ಳಬಹುದು. ಹಸು ಕಟ್ಟಿದ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ನಾಲ್ಕಾರು ನಾಟಿ ಕೋಳಿಗಳೂ ಇರುತ್ತವೆ. ಹಾಲಿನ ಬಟವಾಡೆ ಹಿಂಡಿಗೆ, ಸಾಲದ ಕಂತಿಗೆ, ಮಕ್ಕಳ ಫೀಸಿಗೆ ಹೋಗುತ್ತದೆ. ಕೋಳಿ ಮಾರಿದ ದುಡ್ಡು ಮಾತ್ರ ನಿಮ್ಮ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಆ ದುಡ್ಡು ಹೆಚ್ಚಬೇಕಾದರೆ ಮರಿ ಹೆಚ್ಚಬೇಕು. ಈಚಿನ ವರ್ಷಗಳಲ್ಲಿ ಥರ್ಮಾಕೋಲಿನ, ಪ್ಲಾಸ್ಟಿಕ್ಕಿನ ಸಣ್ಣ ಇನ್‌ಕ್ಯುಬೇಟರುಗಳು, ಅಂದರೆ ಕಾವು ಪೆಟ್ಟಿಗೆಗಳು, ಹಳ್ಳಿಗೂ ಬಂದಿವೆ. "ಡಾಕ್ಟ್ರೇ, ಪೆಟ್ಟಿಗೆ ತಗೊಳ್ಳಲೋ, ಕೋಳಿಯನ್ನೇ ಕಾವಿಗೆ ಕೂರಿಸಲೋ?" ಎಂದು ಹಾಲಿನ ಡೇರಿಯ ಮುಂದೆ ನಿಲ್ಲಿಸಿ ಕೇಳುವವರು ಬಹಳ ಮಂದಿ. ಅದಕ್ಕೆ ಉತ್ತರ ಹೇಳುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘವೊಂದರ ಸದಸ್ಯೆ ಎರಡು ತಿಂಗಳ ಬಟವಾಡೆ ಹಣ ಕೂಡಿಟ್ಟು ಒಂದು ಕಾವು ಪೆಟ್ಟಿಗೆ ತಂದರು. ಯುಗಾದಿ ಕಳೆದ ಮೇಲೆ 48 ಮೊಟ್ಟೆ ಇಟ್ಟರು. ಬಂದದ್ದು 9 ಮರಿ. ನನ್ನನ್ನು ಕರೆದು ತೋರಿಸಿದರು. ನಾನು ಪೆಟ್ಟಿಗೆ ನೋಡಿದೆ, ಥರ್ಮಾಮೀಟರ್ ನೋಡಿದೆ, "ಕರೆಂಟ್ ಹೋಗಿ ಬಂದು ಹೀಗಾಗಿದೆಯಮ್ಮ, ಒಂದು ಬ್ಯಾಟರಿ, ಇನ್‌ವರ್ಟರ್ ಹಾಕಿಸಿ" ಎಂದು ಹೇಳಿ ಬಂದೆ. ಅವರು ಸಾಲ ಮಾಡಿ ಹಾಕಿಸಿದರು. ಮತ್ತೆ 48 ಮೊಟ್ಟೆ ಇಟ್ಟರು. ಈ ಸಲ 7 ಮರಿ.

ಎರಡನೆಯ ಸಲ ಹೋದಾಗ ಅವರು ಸಿಟ್ಟು ಮಾಡಲಿಲ್ಲ. ಒಂದು ಮಂಕರಿ ತಂದು ಮುಂದಿಟ್ಟರು. ಅದೇ ಮೊಟ್ಟೆಗಳಲ್ಲಿ 12ನ್ನು ಅದೇ ದಿನ ಒಂದು ಹೇಂಟೆಯ ಕೆಳಗೂ ಇಟ್ಟಿದ್ದರಂತೆ. ಅದರಲ್ಲಿ ಬಂದದ್ದು ಎರಡೇ ಮರಿ. "ಡಾಕ್ಟ್ರೇ, ನನ್ನ ಕೋಳಿಗೂ ಕರೆಂಟ್ ಹೋಗಿತ್ತಾ?" ಎಂದು ಕೇಳಿದರು.

ನನ್ನಲ್ಲಿ ಉತ್ತರ ಇರಲಿಲ್ಲ. ಅಂಗಳದಲ್ಲೇ ಕೂತು, ಪೆಟ್ಟಿಗೆಯಲ್ಲಿ ಉಳಿದಿದ್ದ 41 ಮೊಟ್ಟೆಗಳನ್ನೂ ಒಂದೊಂದಾಗಿ ಒಡೆದು ನೋಡಿದೆವು. ಮೊದಲ ಸಲವೇ ಮಾಡಬೇಕಾಗಿದ್ದ ಕೆಲಸ ಅದು. 18 ಮೊಟ್ಟೆಗಳಲ್ಲಿ ಮರಿಯ ಕುರುಹೇ ಇರಲಿಲ್ಲ. 15ರಲ್ಲಿ ಮೊದಲ ವಾರದಲ್ಲೇ ಸತ್ತ ಭ್ರೂಣ, ಸುತ್ತ ರಕ್ತದ ಉಂಗುರ. ಉಳಿದ 8ರಲ್ಲಿ ಮಾತ್ರ ಪೂರ್ತಿ ಬೆಳೆದು ಸತ್ತ ಮರಿ. ಹೆಚ್ಚಿನ ಮೊಟ್ಟೆಗಳು ಪೆಟ್ಟಿಗೆಗೆ ಹೋಗುವ ಮೊದಲೇ ಕೆಟ್ಟಿದ್ದವು.

ಆಮೇಲೆ ವಿಚಾರಿಸಿದೆ. ಮೊಟ್ಟೆಗಳು ಊರಿನ ನಾಲ್ಕೈದು ಮನೆಗಳಿಂದ ಕೂಡಿಸಿದವು. ಅದರಲ್ಲಿ ಎರಡು ಮನೆಯ ಹುಂಜ ಹೊಸತೊಡಕಿನ ಅಡಿಗೆಗೆ ಹೋಗಿತ್ತು. ಪೆಟ್ಟಿಗೆ ತುಂಬಬೇಕೆಂದು ಸುಮಾರು ಇಪ್ಪತ್ತು ದಿನ ಮೊಟ್ಟೆ ಕೂಡಿಟ್ಟಿದ್ದರು. ಇಟ್ಟ ಜಾಗ ಶೀಟಿನ ಮನೆಯ ಅಟ್ಟ, ತಿಂಗಳು ಏಪ್ರಿಲ್. ಇನ್‌ವರ್ಟರಿಗೆ ಹೋದ ಹಣ ನನ್ನ ಅವಸರದ ಮಾತಿಗೆ ಹೋದ ಹಣ. ಇವತ್ತು ನಾನು ಹೇಳುವುದೆಲ್ಲ ಆ ತಾಯಿ ಕೇಳಿದ ಪ್ರಶ್ನೆಯಿಂದ ಕಲಿತದ್ದು. ಕೋಳಿಯಾಗಲಿ ಪೆಟ್ಟಿಗೆಯಾಗಲಿ ಒಳ್ಳೆಯ ಮೊಟ್ಟೆಯನ್ನು ಕಾಪಾಡಬಲ್ಲದು. ಕೆಟ್ಟ ಮೊಟ್ಟೆಗೆ ಜೀವ ಕೊಡಲಾರದು.

ಮೊದಲು ಮೊಟ್ಟೆ ನೋಡಿ

ಹುಂಜ ಇಲ್ಲದ ಕೋಳಿಯೂ ಮೊಟ್ಟೆ ಇಡುತ್ತದೆ, ಆದರೆ ಅದರಿಂದ ಮರಿ ಬಾರದು. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ ಇಂಥದ್ದೇ. ಎಂಟು ಹತ್ತು ಹೇಂಟೆಗೆ ಒಂದು ಚುರುಕಾದ ಹುಂಜ ಇರಲಿ. ಹುಂಜವನ್ನು ಮಾರಿದ ಮೇಲೂ ಸುಮಾರು ಒಂದು ವಾರ ಫಲಿತ ಮೊಟ್ಟೆ ಸಿಗಬಹುದು. ಆಮೇಲಿನದನ್ನು ನಂಬಬೇಡಿ.

ಎರಡನೆಯದು ಮೊಟ್ಟೆಯ ವಯಸ್ಸು. ಮೊಟ್ಟೆ ಹೊರಬರುವ ಹೊತ್ತಿಗೆ ಅದರೊಳಗಿನ ಜೀವ ತಾಯಿಯ ಹೊಟ್ಟೆಯಲ್ಲೇ ಸುಮಾರು ಒಂದು ದಿನ ಬೆಳೆದಿರುತ್ತದೆ. ತಂಪಾದಾಗ ಅದು ನಿದ್ದೆ ಹೋದಂತೆ ಬೆಳವಣಿಗೆ ನಿಲ್ಲಿಸುತ್ತದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ನಿದ್ದೆ ಗಟ್ಟಿ. ಬೇಸಿಗೆಯಲ್ಲಿ ನಮ್ಮ ಮನೆಗಳೊಳಗೆ 30 ಡಿಗ್ರಿ ದಾಟುತ್ತದೆ. ಆಗ ಜೀವ ಅರೆಬರೆ ಎಚ್ಚರಾಗಿ ಅಷ್ಟಿಷ್ಟು ಬೆಳೆಯುತ್ತದೆ. ಸಾಕಷ್ಟು ಕಾವು ಸಿಗದೆ ಸೊರಗಿ ಸಾಯುತ್ತದೆ. ಆದ್ದರಿಂದ ತಂಪಿನ ಕಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕಿಂತ ಹಳೆಯ ಮೊಟ್ಟೆ ಇಡಬೇಡಿ. ನೆಲಮಟ್ಟದ ತಂಪು ಮೂಲೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಕೂಡಿಡಿ.

ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂದು ಹಿರಿಯರು ಮಂಕರಿಯಲ್ಲಿ ಇದ್ದಿಲು, ಕಬ್ಬಿಣದ ಚೂರು ಇಡುವುದನ್ನು ನೋಡಿದ್ದೇನೆ. ಇಟ್ಟರೆ ನಷ್ಟವಿಲ್ಲ. ಆದರೆ ಯೋಚಿಸಿ, ನಮ್ಮಲ್ಲಿ ಗುಡುಗು ಮಿಂಚು ಜೋರಾಗುವುದು ಯಾವಾಗ? ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ. ಬಿಸಿಲು ಜೋರಾಗುವುದೂ ಆಗಲೇ. ಹಿರಿಯರು ಕಂಡ ನಷ್ಟ ನಿಜ. ಆದರೆ ಮೊಟ್ಟೆ ಕೆಡಿಸಿದ್ದು ಬಿಸಿಲು ಎಂದು ನನ್ನ ತಿಳುವಳಿಕೆ.

ಬಿರುಕು ಬಿಟ್ಟದ್ದು, ತೀರಾ ಸಣ್ಣದು, ತೀರಾ ದೊಡ್ಡದು, ಸೊಟ್ಟಗಿರುವುದು, ಇವನ್ನು ಅಡಿಗೆಗೆ ತೆಗೆದುಕೊಳ್ಳಿ. ಕೊಳೆಯಾದ ಮೊಟ್ಟೆಯನ್ನು ನೀರಿನಲ್ಲಿ ತೊಳೆಯಬೇಡಿ. ಸಿಪ್ಪೆಯಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ನೀರಿನ ಜೊತೆ ರೋಗಾಣು ಒಳಗೆ ಹೋಗುತ್ತದೆ. ಕಾಯಿಲೆ ಬಿದ್ದ ಕೋಳಿಯ ಮೊಟ್ಟೆಯನ್ನೂ ಇಡಬೇಡಿ, ಕೆಲವು ರೋಗಗಳು ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯನ್ನು ಸಾಕಿರುವವರು ಇನ್ನೊಂದು ಮಾತು ನೆನಪಿಡಿ. ಅದು ಮಿಶ್ರತಳಿ. ಅದರ ಮೊಟ್ಟೆಯಿಂದ ಮರಿ ಮಾಡಿಸಿದರೆ ತಾಯಿಯ ಗುಣ ಹಾಗೇ ಬರುವುದಿಲ್ಲ. ಆ ತಳಿ ಬೇಕಾದಾಗ ಹೊಸ ಮರಿಯನ್ನೇ ತನ್ನಿ.

ಕಾವು ಕೋಳಿ

ಹಸು ಬೆದೆಗೆ ಬಂದದ್ದನ್ನು ಗುರುತಿಸುವ ನಿಮಗೆ ಕೋಳಿ ಕಾವಿಗೆ ಬಂದದ್ದು ಹೇಳಿಕೊಡಬೇಕಾಗಿಲ್ಲ. ಮೊಟ್ಟೆ ನಿಲ್ಲಿಸುತ್ತದೆ, ಗೂಡು ಬಿಟ್ಟು ಏಳುವುದಿಲ್ಲ, ಮುಟ್ಟಹೋದರೆ ಗರಿ ಕೆದರಿ ಕುಕ್ಕಲು ಬರುತ್ತದೆ. ಹಿಂದೆ ಮರಿ ಮಾಡಿ ಸಾಕಿದ ಕೋಳಿಯನ್ನೇ ಆರಿಸಿ. ಇಲಿ, ಬೆಕ್ಕು, ಹಾವು ಬಾರದ ಮಬ್ಬುಗತ್ತಲ ಜಾಗದಲ್ಲಿ ಮಂಕರಿ ಇಡಿ. ತಳಕ್ಕೆ ಮರಳು, ಒಲೆ ಬೂದಿ, ಮೇಲೆ ಒಣ ಹುಲ್ಲು. ಕೂರಿಸುವ ಮೊದಲು ರೆಕ್ಕೆಯ ಕೆಳಗೆ ಹೇನು ಇದೆಯೇ ನೋಡಿ. ಹೇನು ಕಚ್ಚಿದರೆ ಎಷ್ಟು ಒಳ್ಳೆಯ ಕೋಳಿಯೂ ಎದ್ದು ಹೋಗುತ್ತದೆ.

ಒಂದು ನಾಟಿ ಕೋಳಿಗೆ 10ರಿಂದ 12 ಮೊಟ್ಟೆ ಸಾಕು. ಆಸೆಗೆ 18 ಇಟ್ಟರೆ ಅಂಚಿನ ಮೊಟ್ಟೆಗೆ ಕಾವು ತಾಗದು. ಕೋಳಿ ಮೊಟ್ಟೆ ತಿರುಗಿಸಿದಂತೆ ಇವತ್ತು ಒಂದು, ನಾಳೆ ಇನ್ನೊಂದು ಅಂಚಿಗೆ ಬಂದು ಎಲ್ಲವೂ ಕೆಡುತ್ತವೆ. ರಾತ್ರಿ ಹೊತ್ತು ಕೂರಿಸಿ. ಮೊಟ್ಟೆಗೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ. ಬೇರೆ ಕೋಳಿ ಬಂದು ಅದರಲ್ಲೇ ಇಟ್ಟರೆ ಗೊತ್ತಾಗುತ್ತದೆ. ದಿನಕ್ಕೊಮ್ಮೆ ಅದು ಹದಿನೈದು ಇಪ್ಪತ್ತು ನಿಮಿಷ ಎದ್ದು ಮೇಯಲಿ, ಗಾಬರಿಯಾಗಬೇಡಿ. ಕಾಳು, ನೀರು ಹತ್ತಿರದಲ್ಲೇ ಇರಲಿ.

ಕಾವು ಪೆಟ್ಟಿಗೆ

ಕೋಳಿ ತಾನಾಗಿ ಮಾಡುವ ನಾಲ್ಕು ಕೆಲಸವನ್ನು ಪೆಟ್ಟಿಗೆಯಲ್ಲಿ ನೀವು ಮಾಡಬೇಕು: ಶಾಖ, ತೇವ, ಗಾಳಿ, ತಿರುಗಿಸುವುದು. ಹಾಲು ಹಾಕುವಾಗ ಲ್ಯಾಕ್ಟೋಮೀಟರನ್ನು ಅಷ್ಟು ಹುಷಾರಾಗಿ ನೋಡುವ ನೀವು ಇಲ್ಲಿ ಥರ್ಮಾಮೀಟರನ್ನು ಹಾಗೇ ನೋಡಬೇಕು. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 99.5 ಡಿಗ್ರಿ ಫ್ಯಾರನ್‌ಹೀಟ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ಪೆಟ್ಟಿಗೆ ತೋರಿಸುವ ಅಂಕಿಯೊಂದನ್ನೇ ನಂಬಬೇಡಿ. ಇನ್ನೊಂದು ಒಳ್ಳೆಯ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ. ಮೊಟ್ಟೆ ಇಡುವ ಮೊದಲು ಒಂದು ದಿನ ಖಾಲಿ ಓಡಿಸಿ.

ತೇವಾಂಶ 18 ದಿನದವರೆಗೆ ನೂರಕ್ಕೆ 55ರಿಂದ 60, ಕೊನೆಯ ಮೂರು ದಿನ 65ರಿಂದ 75 ಇರಲಿ. ಕೈಯಿಂದ ತಿರುಗಿಸುವ ಪೆಟ್ಟಿಗೆಯಾದರೆ ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಿ. ಬೆಸ ಸಂಖ್ಯೆ ಯಾಕೆಂದರೆ, ಒಂದೇ ಮಗ್ಗುಲು ದಿನವೂ ಇಡೀ ರಾತ್ರಿ ಮೇಲಿರಬಾರದು. ತಿರುಗಿಸದಿದ್ದರೆ ಭ್ರೂಣ ಸಿಪ್ಪೆಯ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. 18ನೆಯ ದಿನದಿಂದ ತಿರುಗಿಸುವುದು ನಿಲ್ಲಿಸಿ, ಮುಚ್ಚಳ ತೆಗೆಯುವುದನ್ನೂ ನಿಲ್ಲಿಸಿ. ಮರಿ ಸಿಪ್ಪೆ ಒಡೆಯುವಾಗ ನೋಡುವ ಆಸೆಗೆ ಮುಚ್ಚಳ ತೆಗೆದರೆ ತೇವ ಆರಿ ಒಳಪೊರೆ ಒಣಗುತ್ತದೆ, ಮರಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಹುಟ್ಟಿದ ಮರಿ ಹೊಟ್ಟೆಯೊಳಗಿನ ಹಳದಿಯ ಬಲದಿಂದ ಎರಡು ದಿನ ತಡೆಯುತ್ತದೆ. ಗರಿ ಒಣಗಿದ ಮೇಲೆ ತೆಗೆದರೆ ಸಾಕು.

ಕರೆಂಟ್ ಹೋದರೆ ಪೆಟ್ಟಿಗೆ ತೆರೆಯದೆ ಕಂಬಳಿ ಹೊದಿಸಿ, ಗಾಳಿಯ ತೂತು ಮಾತ್ರ ಮುಚ್ಚಬೇಡಿ. ಒಂದೆರಡು ಗಂಟೆ ತಣ್ಣಗಾದರೆ ಎಲ್ಲವೂ ಹಾಳಾಗುವುದಿಲ್ಲ. ಅದಕ್ಕಿಂತ ಶಾಖ ಏರುವುದು ಅಪಾಯ. ಪೆಟ್ಟಿಗೆಯ ಮೇಲೆ ಬಿಸಿಲು ಬಿದ್ದು 40 ಡಿಗ್ರಿ ದಾಟಿದರೆ ಕೆಲವೇ ಗಂಟೆಗಳಲ್ಲಿ ಮರಿಗಳು ಸಾಯುತ್ತವೆ.

ಎರಡನ್ನೂ ಜೋಡಿಸಿ

ಕೋಳಿಯೋ ಪೆಟ್ಟಿಗೆಯೋ ಎಂದರೆ ನನ್ನ ಉತ್ತರ ಇಷ್ಟೇ. ವರ್ಷಕ್ಕೆ ಇಪ್ಪತ್ತು ಮೂವತ್ತು ಮರಿ ಸಾಕೆನ್ನುವವರಿಗೆ ಎರಡು ಒಳ್ಳೆಯ ಕಾವು ಕೋಳಿಗಳೇ ಸಾಕು, ದುಡ್ಡು ಹಾಕಬೇಡಿ. ಮರಿ ಮಾರುವ ಯೋಚನೆ ಇದ್ದವರು ಪೆಟ್ಟಿಗೆ ತರಬಹುದು, ಆದರೆ ಕೋಳಿಯನ್ನು ಬಿಡಬೇಡಿ. ಒಂದೇ ದಿನ ಪೆಟ್ಟಿಗೆಯಲ್ಲೂ ಒಂದೆರಡು ಕೋಳಿಯ ಕೆಳಗೂ ಮೊಟ್ಟೆ ಇಡಿ. ಪೆಟ್ಟಿಗೆಯಲ್ಲಿ ಹುಟ್ಟಿದ ಒಂದೆರಡು ದಿನದ ಮರಿಗಳನ್ನು ರಾತ್ರಿ ಕತ್ತಲಲ್ಲಿ ತಾಯಿಕೋಳಿಯ ರೆಕ್ಕೆಯಡಿ ಸೇರಿಸಿದರೆ ಹೆಚ್ಚಿನ ಕೋಳಿಗಳು ತಮ್ಮವೇ ಎಂದು ಸಾಕುತ್ತವೆ. ಬೆಳಿಗ್ಗೆ ಎದ್ದು ಕುಕ್ಕುತ್ತದೆಯೇ ನೋಡಿಕೊಳ್ಳಿ. ತಾಯಿ ಇಲ್ಲದ ಮರಿಗೆ ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸಿ. ಮರಿಗಳು ಗುಂಪಾಗಿ ಒತ್ತಿ ನಿಂತರೆ ಚಳಿ, ಬಲ್ಬು ಬಿಟ್ಟು ದೂರ ಓಡಿದರೆ ಸೆಕೆ. ಐದರಿಂದ ಏಳನೆಯ ದಿನದೊಳಗೆ ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತಕ್ಕೆ, ಕಣ್ಣಿನ ಹನಿ ಲಸಿಕೆ ಹಾಕಿಸಿ. 21 ದಿನ ಕಾದ ಶ್ರಮ ಒಂದು ವಾರದಲ್ಲಿ ಹೋಗಬಾರದು.

ಒಡೆದು ನೋಡಿ

ಏಳನೆಯ ದಿನ ರಾತ್ರಿ ಮೊಬೈಲಿನ ಟಾರ್ಚನ್ನು ಮೊಟ್ಟೆಯ ಅಗಲ ತುದಿಗೆ ಹಿಡಿಯಿರಿ. ಜೇಡರ ಬಲೆಯಂತೆ ರಕ್ತನಾಳ ಕಂಡರೆ ಜೀವ ಇದೆ. ಬರಿ ಬೆಳಕು ಕಂಡರೆ ಅಥವಾ ಕೆಂಪು ಉಂಗುರ ಕಂಡರೆ ತೆಗೆದುಬಿಡಿ. ಇಲ್ಲದಿದ್ದರೆ ಕೊಳೆತು ಸಿಡಿದು ಉಳಿದವನ್ನೂ ಕೆಡಿಸುತ್ತದೆ. 14ನೆಯ ದಿನ ಇನ್ನೊಮ್ಮೆ ನೋಡಿ. ತೆಗೆದದ್ದನ್ನೂ, 22ನೆಯ ದಿನ ಉಳಿದದ್ದನ್ನೂ ಮನೆಯ ಹೊರಗೆ ಒಡೆದು ನೋಡಿ ಬರೆದಿಡಿ. ಜೀವವೇ ಇಲ್ಲದವು ಹೆಚ್ಚಿದ್ದರೆ ಹುಂಜ ನೋಡಿ. ರಕ್ತದ ಉಂಗುರ ಹೆಚ್ಚಿದ್ದರೆ ಮೊಟ್ಟೆ ಇಟ್ಟಿದ್ದ ಜಾಗ, ದಿನ, ಮೊದಲ ವಾರದ ಶಾಖ ನೋಡಿ. ಪೂರ್ತಿ ಬೆಳೆದು ಸತ್ತವು ಹೆಚ್ಚಿದ್ದರೆ ಆಗ ಶಾಖ, ತೇವ, ತಿರುಗಿಸಿದ್ದು ನೋಡಿ. 20 ದಿನ ತುಂಬುವ ಮೊದಲೇ ಮರಿ ಬಂದರೆ ಶಾಖ ಹೆಚ್ಚು, 22 ದಾಟಿದರೆ ಕಡಿಮೆ.

ಒಡೆದದ್ದನ್ನು, ಸತ್ತ ಮರಿಗಳನ್ನು ಆಳವಾಗಿ ಹೂಳಿ, ಕೈ ಸೋಪಿನಿಂದ ತೊಳೆಯಿರಿ. ತಿಪ್ಪೆಗೆ, ಮೇವಿನ ಬಳಿಗೆ ಎಸೆಯಬೇಡಿ. ಸತ್ತ ಕೋಳಿ ಬೆರೆತ ಗೊಬ್ಬರ, ಮೇವಿನಿಂದ ಹಸುವಿಗೆ ಬಾಟುಲಿಸಂ ಬಂದು ಸಾಯಬಹುದು. ಮರಿ ಮಾಡಹೋಗಿ ಹಾಲು ಕೊಡುವ ಹಸು ಕಳೆದುಕೊಳ್ಳಬಾರದು.

ಆ ಸದಸ್ಯೆ ಮತ್ತೆ ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟದ್ದು ಶ್ರಾವಣದಲ್ಲಿ. ಹುಂಜ ಇರುವ ಮನೆಯವು ಮಾತ್ರ, ಐದು ದಿನಕ್ಕಿಂತ ಹಳೆಯದಲ್ಲ, ಒಟ್ಟು 24. ಮರಿ ಬಂದದ್ದು 17. ಇನ್‌ವರ್ಟರಿನ ಸಾಲ ತೀರಲು ಅವರಿಗೆ ಇನ್ನೂ ಒಂದು ವರ್ಷ ಹಿಡಿಯಿತು. ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ: ಮರಿ ಬಾರದಿದ್ದಾಗ ಯಾರು ಏನೇ ಹೇಳಲಿ, ಡಾಕ್ಟರೇ ಹೇಳಲಿ, ಮೊಟ್ಟೆ ಒಡೆದು ನೋಡುವ ತನಕ ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನೋಡಿ ಬರೆದ ಪುಸ್ತಕ ತನ್ನಿ, ಕೂತು ಮಾತಾಡೋಣ.