ಹೆಜ್ಜೆ ತಪ್ಪಿದ ಮೋಟಾರು: ದೋಷ ಎಲ್ಲಿದೆ?



ಇಂದಿನ ಮಾತಿಗೆ ಕಾರಣವಾದದ್ದು ಕರ್ನಾಟಕದ ಒಂದು ನಕ್ಷೆ. ನನ್ನ ಅಕ್ಕನ ಮಗಳು ಡಿಪ್ಲೊಮಾ ಓದುತ್ತಿದ್ದಾಗ ಇಬ್ಬರು ಸಹಪಾಠಿಗಳೊಡನೆ ಸೇರಿ ಮನೆಯಲ್ಲೇ ಒಂದು ಸಿಎನ್‌ಸಿ ರೂಟರ್ ತಯಾರಿಸಿದಳು. ಕಂಪ್ಯೂಟರು ಅಂಕಿಗಳ ಮೂಲಕ ನಡೆಸುವ, ಮರವನ್ನು ಕೊರೆಯುವ ಯಂತ್ರ ಇದು. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೊಂದಾಗಿ ಕೊಂಡಿದ್ದರು. ಕಾಲೇಜಿನ ವಸ್ತುಪ್ರದರ್ಶನಕ್ಕಾಗಿ ಪ್ಲೈವುಡ್ಡಿನಲ್ಲಿ ರಾಜ್ಯದ ನಕ್ಷೆಯನ್ನು ಕೊರೆಯುವುದು ಅವರ ಉದ್ದೇಶ. ಬೀದರಿನಿಂದ ಹೊರಟ ಅಲಗು ಗಡಿಯುದ್ದಕ್ಕೂ ಸುತ್ತಿ ಮತ್ತೆ ಬೀದರಿಗೇ ಬಂದು ಸೇರಬೇಕು. ಅದು ಸೇರಲಿಲ್ಲ. ಸುಮಾರು 3 ಮಿಲಿಮೀಟರ್ ಆಚೆ ನಿಂತಿತು. ಪ್ರದರ್ಶನಕ್ಕೆ ಉಳಿದಿದ್ದುದು ನಾಲ್ಕೇ ದಿನ.

“ಮೋಟಾರಿಗೆ ಶಕ್ತಿ ಸಾಲದು, ದೊಡ್ಡದು ಹಾಕಿ” ಎಂದುಬಿಟ್ಟೆ ನಾನು. ವಿಜ್ಞಾನ ಓದಿದ ಮಾವ ಹೇಳಿದನೆಂದು ಮಕ್ಕಳು ಉಳಿದಿದ್ದ ಹಣವನ್ನೆಲ್ಲ ಕೂಡಿಸಿ ದೊಡ್ಡ ಮೋಟಾರು ತಂದರು. ನಕ್ಷೆ ಆಗಲೂ ಕೂಡಲಿಲ್ಲ. ಅಳೆಯದೆ ಆಡಿದ ಆ ಮಾತಿನ ಬೆಲೆ ಏನೆಂಬುದನ್ನು ಕಲಿತ ಮೇಲೆ ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಸ್ಟೆಪ್ಪರ್ ಮೋಟಾರಿನ ಸ್ವಭಾವ ನೋಡೋಣ. ಫ್ಯಾನಿನ ಮೋಟಾರು ಒಂದೇ ಸಮನೆ ತಿರುಗುತ್ತದೆ. ಇದು ಹಾಗಲ್ಲ, ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಇದರಲ್ಲಿ ಎರಡು ತಂತಿ ಸುರುಳಿಗಳ ವ್ಯೂಹವಿದೆ. ಅವುಗಳಲ್ಲಿ ವಿದ್ಯುತ್ತನ್ನು ಕ್ರಮವಾಗಿ ಬದಲಿಸಿದಾಗ ನಡುವಿನ ಅಯಸ್ಕಾಂತವು ಒಂದೊಂದೇ ಹೆಜ್ಜೆ ಸರಿಯುತ್ತದೆ. ಸಾಮಾನ್ಯ ಮೋಟಾರಿನಲ್ಲಿ ಒಂದು ಹೆಜ್ಜೆ ಎಂದರೆ 1.8 ಡಿಗ್ರಿ, ಒಂದು ಸುತ್ತಿಗೆ 200 ಹೆಜ್ಜೆ. ವಿದ್ಯುತ್ತನ್ನು ಹೀಗೆ ಬದಲಿಸುವ ಮಂಡಲಕ್ಕೆ ಡ್ರೈವರ್ ಎಂದು ಹೆಸರು. ಡ್ರೈವರು ಪ್ರತಿ ಹೆಜ್ಜೆಯನ್ನೂ ಎಂಟು ಪಾಲು ಮಾಡಿದರೆ ಸುತ್ತಿಗೆ 1600 ಪಲ್ಸ್ ಬೇಕು. ಒಂದು ಸುತ್ತಿಗೆ 8 ಮಿಲಿಮೀಟರ್ ಮುಂದೆ ಸರಿಸುವ ಸ್ಕ್ರೂ ಇದ್ದರೆ, ಒಂದು ಮಿಲಿಮೀಟರಿಗೆ 200 ಪಲ್ಸ್ ಎಂದಾಯಿತು.

ಇಲ್ಲೇ ಒಂದು ಮುಖ್ಯ ಅಂಶವಿದೆ. ಕಂಪ್ಯೂಟರು “ಇನ್ನೂರು ಹೆಜ್ಜೆ ನಡೆ” ಎನ್ನುತ್ತದೆ, “ನಡೆದೆಯಾ?” ಎಂದು ತಿರುಗಿ ಕೇಳುವುದಿಲ್ಲ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಹಾಗೆ ವಿಚಾರಿಸುವ ವ್ಯವಸ್ಥೆಯೇ ಇರುವುದಿಲ್ಲ. ಆದ್ದರಿಂದ ದಾರಿಯಲ್ಲಿ ಎಲ್ಲಿ ತಪ್ಪಿದರೂ ಕಂಪ್ಯೂಟರಿನ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಿಜ ತಿಳಿಯಬೇಕಾದರೆ ಮರದ ಮೇಲಿನ ಗೆರೆಯನ್ನೇ ಕೇಳಬೇಕು.

ಕೇಳುವುದು ಹೇಗೆ? ಅಲಗನ್ನು ತೆಗೆದು ಅದರ ಜಾಗದಲ್ಲಿ ಪೆನ್ನು ಕಟ್ಟಿರಿ. ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು ಹೊರಡಿಸಿ. 200 ಮಿಲಿಮೀಟರ್ ಹೋಗಿ ಹಿಂತಿರುಗಲಿ. ಹೀಗೆ ಹತ್ತು ಸಲ. ಒಂದೊಂದು ಅಕ್ಷವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಬಳಿಕ ತಪ್ಪಿನ ರೂಪವನ್ನು ಗಮನಿಸಿ.

ಚುಕ್ಕೆಗೆ ಸರಿಯಾಗಿ ಹಿಂತಿರುಗಿದೆ, ಆದರೆ ಗೆರೆಯ ಉದ್ದ 200ರ ಬದಲು 100 ಅಥವಾ 400 ಇದೆ ಎನ್ನೋಣ. ಆಗ ಮೋಟಾರಿನ ದೋಷವಿಲ್ಲ, ಲೆಕ್ಕದ ದೋಷ. ಡ್ರೈವರಿನ ಸ್ವಿಚ್ಚಿಗೂ ಕಂಪ್ಯೂಟರಿನಲ್ಲಿ ಬರೆದ ಅಂಕಿಗೂ ತಾಳೆಯಿಲ್ಲ.

ದಿಕ್ಕು ಬದಲಿಸಿದಾಗಲೆಲ್ಲ ಒಂದೇ ಅಳತೆಯ ಕೊರತೆ ಕಾಣುತ್ತಿದ್ದು, ಅದು ಬೆಳೆಯದಿದ್ದರೆ, ಸ್ಕ್ರೂ ಮತ್ತು ನಟ್ಟಿನ ನಡುವೆ ಸಡಿಲವಿದೆ ಎಂದರ್ಥ. ಇಂಥ ಯಂತ್ರದಲ್ಲಿ ವೃತ್ತ ಬರೆಸಿದರೆ ಅದು ನಾಲ್ಕು ಕಡೆ ತುಸು ಚಪ್ಪಟೆಯಾಗುತ್ತದೆ.

ಪ್ರತಿ ತಿರುವಿಗೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ತಪ್ಪು ಬೆಳೆಯುತ್ತಾ ಹೋದರೆ ಸಂಕೇತಗಳನ್ನು ಸಂಶಯಿಸಿ. ದಿಕ್ಕಿನ ಸಂಕೇತವು ಪಲ್ಸಿಗಿಂತ ಸ್ವಲ್ಪ ಮುಂಚೆ ಡ್ರೈವರನ್ನು ತಲಪಬೇಕು. ತಡವಾದರೆ ಮೊದಲ ಹೆಜ್ಜೆ ತಪ್ಪು ದಿಕ್ಕಿಗೆ ಬೀಳುತ್ತದೆ.

ಇನ್ನು ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಇದ್ದರೆ? ಅರ್ಧ ವೇಗದಲ್ಲಿ ಮತ್ತೆ ಓಡಿಸಿ. ನಿಧಾನದಲ್ಲಿ ಸರಿ, ವೇಗದಲ್ಲಿ ತಪ್ಪು ಎಂದಾದರೆ ಮೋಟಾರು ಹೆಜ್ಜೆ ಕಳೆದುಕೊಳ್ಳುತ್ತಿರಬಹುದು. ಕಾರಣ ನಿಮ್ಮ ಭೌತಶಾಸ್ತ್ರದ ಪಾಠದಲ್ಲೇ ಇದೆ. ಸುರುಳಿಯಲ್ಲಿ ವಿದ್ಯುತ್ ಪ್ರವಾಹ ಒಮ್ಮೆಗೇ ಏರುವುದಿಲ್ಲ. ವಿದ್ಯುತ್ಕಾಂತೀಯ ಪ್ರೇರಣೆ ಅದನ್ನು ತಡೆಯುತ್ತದೆ. ಹೆಜ್ಜೆಗಳು ಬೇಗ ಬೇಗ ಬಂದಾಗ ಪ್ರವಾಹ ಪೂರ್ತಿ ಏರುವ ಮೊದಲೇ ಮುಂದಿನ ಹೆಜ್ಜೆಯ ಸರದಿ ಬರುತ್ತದೆ. ಹೀಗಾಗಿ ವೇಗ ಹೆಚ್ಚಿದಂತೆ ತಿರುಗಿಸುವ ಬಲ ಕುಗ್ಗುತ್ತದೆ. ದೊಡ್ಡ ಮೋಟಾರಿನ ಸುರುಳಿಗಳಲ್ಲಿ ಈ ತಡೆ ಸಾಮಾನ್ಯವಾಗಿ ಇನ್ನೂ ಹೆಚ್ಚು. ಆದುದರಿಂದ ಹಳೆಯ ಡ್ರೈವರು, ಹಳೆಯ ವೋಲ್ಟೇಜಿಗೇ ದೊಡ್ಡ ಮೋಟಾರು ಜೋಡಿಸಿದರೆ ಕೆಲವೊಮ್ಮೆ ಪರಿಸ್ಥಿತಿ ಕೆಡುವುದೂ ಉಂಟು! ಇದಕ್ಕೆ ವೇಗವನ್ನು ಮೆಲ್ಲಗೆ ಏರಿಸುವುದು, ಡ್ರೈವರಿನ ಮಿತಿಯೊಳಗೆ ವೋಲ್ಟೇಜು ಹೆಚ್ಚಿಸುವುದು, ಮೋಟಾರಿನ ಮೇಲೆ ಬರೆದಷ್ಟು ಪ್ರವಾಹವನ್ನು ಡ್ರೈವರಿನಲ್ಲಿ ಹೊಂದಿಸುವುದು ಸರಿಯಾದ ಉಪಾಯಗಳು. ಮೋಟಾರು ಕೈ ಇಡಲಾಗದಷ್ಟು ಬಿಸಿಯಾದ ಮಾತ್ರಕ್ಕೆ ಗಾಬರಿ ಬೇಡ. ಅನೇಕ ಮೋಟಾರುಗಳ ಕವಚ 80 ಡಿಗ್ರಿ ಸೆಲ್ಸಿಯಸ್‌ವರೆಗೂ ತಾಳಿಕೊಳ್ಳುತ್ತದೆ.

ಮೋಟಾರು ತಿರುಗದೆ ಕೇವಲ ಗುಂಯ್‌ಗುಡುತ್ತ ನಡುಗಿದರೆ ತಂತಿಗಳ ಜೋಡಿ ತಪ್ಪಿರುವುದೇ ಹೆಚ್ಚು. ನಾಲ್ಕು ತಂತಿಗಳಲ್ಲಿ ಎರಡೆರಡು ಒಂದೊಂದು ಸುರುಳಿಗೆ ಸೇರಿದವು. ಮೋಟಾರನ್ನು ಡ್ರೈವರಿನಿಂದ ಪೂರ್ತಿ ಬಿಡಿಸಿ, ಎರಡು ತಂತಿಗಳ ತುದಿಗಳನ್ನು ಕೂಡಿಸಿ ದಂಡವನ್ನು ಬೆರಳಿನಿಂದ ತಿರುಗಿಸಿ. ಬಿಗಿಯಾಗಿ ತಿರುಗಿದರೆ ಅವೆರಡೂ ಒಂದೇ ಸುರುಳಿಯವು. ನೀವು ತಿರುಗಿಸಿದಾಗ ಮೋಟಾರು ಜನರೇಟರಾಗಿ ತನ್ನ ಚಲನೆಯನ್ನೇ ವಿರೋಧಿಸುತ್ತದೆ. ಲೆನ್ಸನ ನಿಯಮ ನಿಮ್ಮ ಬೆರಳಿಗೇ ತಿಳಿಯುತ್ತದೆ!

ಆದರೆ ಒಂದು ಎಚ್ಚರಿಕೆ. ವಿದ್ಯುತ್ ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಎಂದೂ ಕೀಳಬೇಡಿ. ಸುರುಳಿಯ ಪ್ರವಾಹ ಥಟ್ಟನೆ ಕಡಿದಾಗ ಹುಟ್ಟುವ ಅಧಿಕ ವೋಲ್ಟೇಜು ಡ್ರೈವರನ್ನು ಸುಡಬಲ್ಲದು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಆ ಸಂಜೆ ಅವಸರದಲ್ಲಿ ತಂತಿ ಕಿತ್ತೆ. ಚಿಟ್ಟೆಂಬ ಸದ್ದು, ಸುಟ್ಟ ವಾಸನೆ. ಮಕ್ಕಳು ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಹೊಸ ಡ್ರೈವರನ್ನು ನಾನೇ ಹೋಗಿ ಕೊಂಡುತಂದೆ.

ದೋಷವನ್ನು ಕಂಡುಹಿಡಿದವಳು ಅಕ್ಕನ ಮಗಳೇ. ಅವಳ ಪರೀಕ್ಷೆಯಲ್ಲಿ ಒಂದೇ ಅಕ್ಷ ತಪ್ಪುತ್ತಿತ್ತು. ಪ್ರಮಾಣ ಪ್ರತಿ ಸಲವೂ ಬೇರೆ. ನಿಧಾನವಾಗಿ ಓಡಿಸಿದರೂ ಅದು ಪೂರ್ತಿ ಹೋಗಲಿಲ್ಲ. “ಮಾವ, ಮೋಟಾರು ಸರಿಯಾಗೇ ತಿರುಗ್ತಾ ಇದ್ದು, ಸ್ಕ್ರೂ ತಿರುಗದೇ ಇದ್ರೆ?” ಎಂದು ಕೇಳಿದಳು. ಮೋಟಾರಿನ ದಂಡ ಹಾಗೂ ಅದನ್ನು ಸ್ಕ್ರೂವಿಗೆ ಜೋಡಿಸುವ ಕಪ್ಲಿಂಗ್, ಇವೆರಡರ ಮೇಲೂ ಹಾಯುವಂತೆ ಮಾರ್ಕರಿನಿಂದ ಒಂದು ಗೆರೆ ಎಳೆದಳು. ಹತ್ತು ಸುತ್ತು ಓಡಿದ ಮೇಲೆ ಒಂದು ಗೆರೆ ಎರಡಾಗಿತ್ತು. ಕಪ್ಲಿಂಗನ್ನು ಹಿಡಿದಿಡುವ ಸಣ್ಣ ಗ್ರಬ್ ಸ್ಕ್ರೂ ಸಡಿಲವಾಗಿ, ಕಪ್ಲಿಂಗ್ ದಂಡದ ಮೇಲೆ ಜಾರುತ್ತಿತ್ತು. ಮೋಟಾರು ಬದಲಿಸುವಾಗ ಹಳೆಯ ಕಪ್ಲಿಂಗನ್ನೇ ಹಾಕಿದ್ದೆವು. ದಂಡದ ಒಂದು ಬದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಹಳೆಯ ಗ್ರಬ್ ಸ್ಕ್ರೂ ತೆಗೆದು ಹೊಸದನ್ನು ಅದರ ಮೇಲೆ ಬಿಗಿದರು. ಅಲಗು ಬೀದರಿಗೆ ಮರಳಿತು.

ಆ ಮಕ್ಕಳು ಪ್ರದರ್ಶನದಲ್ಲಿ ಎರಡು ನಕ್ಷೆಗಳನ್ನೂ ಅಕ್ಕಪಕ್ಕ ಇಟ್ಟಿದ್ದರು. ಕೂಡದಿದ್ದ ನಕ್ಷೆಯ ಕೆಳಗೆ ಪರೀಕ್ಷೆಯ ಅಳತೆಗಳನ್ನು ಬರೆದಿದ್ದರು.

ನೀವೂ ಇಂಥ ಯಂತ್ರ ಕಟ್ಟುವಿರಾದರೆ ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು, ಕೈಗೆಟಕುವಲ್ಲಿ ತುರ್ತು ಸ್ವಿಚ್ಚು ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಅಳೆಯಿರಿ, ಅಳೆದದ್ದನ್ನು ಬರೆದಿಡಿ. ದೊಡ್ಡವರು ಅಳೆಯದೆ ಸಲಹೆ ಕೊಟ್ಟರೆ, ಹಣ ತೆಗೆಯುವ ಮುನ್ನ ಒಂದು ಗೆರೆ ಎಳೆದು ನೋಡಿ.