ಪಟ್ಟಿಯಲ್ಲಿ ಇಲ್ಲದವಳು
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಗೃಹಲಕ್ಷ್ಮಿ ಹಣ ಯಾರಿಗೆಲ್ಲ ಬರುತ್ತದೆ ಎಂದು ಆಗ ಕೇಳಿದೆ. ಬಹುಪಾಲು ಕೈಗಳು ಮೇಲೆದ್ದವು. ಕೆಲವರು ಎತ್ತಲಿಲ್ಲ. ಯಾಕೆಂದು ಅವರನ್ನು ಎಲ್ಲರೆದುರು ಕೇಳುವುದಿಲ್ಲ. ಆದರೆ ನನ್ನ ಮಾತು ಅವರ ಬಗ್ಗೆಯೇ.

2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಈ ಯೋಜನೆ ಆರಂಭವಾದಾಗ ಪಟ್ಟಿಯಲ್ಲಿ ಸುಮಾರು 1 ಕೋಟಿ 10 ಲಕ್ಷ ಯಜಮಾನಿಯರಿದ್ದರು. ಆಮೇಲೆ 1 ಕೋಟಿ 20 ಲಕ್ಷ ದಾಟಿತು. 'ಹೆಂಗಸರು ಸೋಮಾರಿಗಳಾದರು' ಎಂದು ಕಟ್ಟೆಯ ಮೇಲೆ ಕೂತವರು ಹೇಳುವುದನ್ನು ನೀವೂ ಕೇಳಿದ್ದೀರಿ. ಕೋಳಿ ಕೂಗುವ ಮೊದಲೇ ಏಳುವವಳಿಗೆ ತಿಂಗಳಿಗೆ 2000 ರೂಪಾಯಿ ಬಂದರೆ ಅವಳು ಸೋಮಾರಿ. ಮಾವನ ಮನೆಯಿಂದ ಬೈಕು, ಬಂಗಾರ ತಂದವನು ಸ್ವಾವಲಂಬಿ! ಇರಲಿ.

ನನ್ನ ತಕರಾರು ಬೇರೆ. ಆ ಲೆಕ್ಕ ಮನೆಗಳದ್ದು, ಹೆಂಗಸರದ್ದಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ ಹಣ. ಅತ್ತೆಯ ಹೆಸರಿದ್ದರೆ ಸೊಸೆಗಿಲ್ಲ.

ನಮ್ಮ ಸಂಘದ ಹುಡುಗಿಯೊಬ್ಬಳಿಗೆ 26 ವರ್ಷ. ಬಾಕಿ ವರದಕ್ಷಿಣೆ ತಾ ಎಂದು ಹೊಡೆದು ಅಟ್ಟಿದರು. ಕಂಕುಳಲ್ಲಿ ಕೂಸು ಹೊತ್ತು ತವರಿಗೆ ಬಂದಳು. ಕಾರ್ಡಿನಲ್ಲಿ ಹೆಸರು ಮಾತ್ರ ಇನ್ನೂ ಆ ಮನೆಯಲ್ಲೇ ಇದೆ. ತೆಗೆಸಲು ಅವರು ಒಪ್ಪುತ್ತಿಲ್ಲ. ಅವಳ ಜೊತೆ ನಾನೂ ಕಚೇರಿಗೆ ಹೋದೆ.

'ವಿಧವೆಯಾ?' 'ಅಲ್ಲ ಸಾರ್.' 'ಡೈವೋರ್ಸ್ ಆಗಿದೆಯಾ?' 'ಇಲ್ಲ.' 'ಹಾಗಾದರೆ ಗಂಡನ್ನ ಕರಕೊಂಡು ಬಾ.'

ಅಟ್ಟಿದವನನ್ನೇ ಕರೆದುಕೊಂಡು ಬರಬೇಕಂತೆ! ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಮಾತ್ರ ಸಿಟ್ಟು ಬಂತು.

ವಿಧವೆಯರಿಗೆ ನಮ್ಮ ರಾಜ್ಯದಲ್ಲಿ 1984ರಿಂದ ವೇತನವಿದೆ. 2021ರಲ್ಲಿ ಅದು 800 ರೂಪಾಯಿ ಆಯಿತು. ಮದುವೆಯಾಗದವರಿಗೆ, ವಿಚ್ಛೇದಿತರಿಗೆ 2013ರಲ್ಲಿ ಮನಸ್ವಿನಿ ಬಂತು, ಆದರೆ 40 ತುಂಬಿರಬೇಕು. ಕೇಂದ್ರದ ವಿಧವಾ ಪಿಂಚಣಿ 2009ರಲ್ಲಿ ಶುರುವಾಗಿ 2012ರಲ್ಲಿ 300 ರೂಪಾಯಿ ಆಯಿತು, ಆಮೇಲೆ ಹತ್ತು ವರ್ಷ ಕಳೆದರೂ ಏರಲಿಲ್ಲ. ವೃದ್ಧರು, ವಿಧವೆಯರು, ಅಂಗವಿಕಲರೆಲ್ಲ ಸೇರಿ ಇಡೀ ದೇಶಕ್ಕೆ ಸುಮಾರು 3 ಕೋಟಿ 9 ಲಕ್ಷ ಮಂದಿ ಎಂದು ಕೇಂದ್ರ ಗೆರೆ ಎಳೆದಿದೆ. ಅದಕ್ಕೆ ಹಿಡಿದದ್ದು 2001ರ ಜನಗಣತಿ. ಇಂಥ ಪಟ್ಟಿ ಬೆಳೆಯಲಿಲ್ಲವೆಂದರೆ ಬಡತನ ನಿಂತಿದೆ ಎಂದಲ್ಲ, ಬಾಗಿಲು ಮುಚ್ಚಿದೆ ಎಂದು.

ಇನ್ನೊಂದು ಲೆಕ್ಕ ಕೇಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ಹೆಂಗಸರು 2015-16ರಲ್ಲಿ ನೂರಕ್ಕೆ 20.6, 2019-21ರಲ್ಲಿ 44.4. ಹೊಡೆತ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಇವರಲ್ಲಿ ಮನೆ ಬಿಟ್ಟು ಬಂದವಳು ವಿಧವೆಯೂ ಅಲ್ಲ, ವಿಚ್ಛೇದಿತೆಯೂ ಅಲ್ಲ, ಯಜಮಾನಿಯಂತೂ ಅಲ್ಲ. ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ಆ ಹುಡುಗಿಗೆ ಒಂದು ದಾರಿ ಇತ್ತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ವಿಚ್ಛೇದನವಿಲ್ಲದೆಯೂ ತನಗೂ ಮಗುವಿಗೂ ಜೀವನಾಂಶ ಕೇಳಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಅದರ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಅರ್ಜಿ ಹಾಕಿದ್ದೇವೆ. ಎರಡು ವಾಯಿದೆ ಆಗಿವೆ, ಗಂಡ ಬಂದಿಲ್ಲ.

ಅಲ್ಲಿಯವರೆಗೆ ಒಂದು ಕೆಲಸ ಮಾಡೋಣ. ನಮ್ಮ ಸಂಘದ ಪುಸ್ತಕದಲ್ಲಿ ಉಳಿತಾಯ, ಸಾಲ, ಬಡ್ಡಿ ಎಲ್ಲ ಬರೆಯುತ್ತೇವೆ. ಕೊನೆಯಲ್ಲೊಂದು ಪುಟ ಬಿಡಿ. ಗಂಡ ಬಿಟ್ಟ, ಯಾವ ಹಣವೂ ಬಾರದ ನಿಮ್ಮೂರಿನ ಹೆಂಗಸರ ಹೆಸರು, ವಯಸ್ಸು, ಕಾರ್ಡಿನ ಸ್ಥಿತಿಯನ್ನು, ಅವರು ಒಪ್ಪಿದರೆ ಮಾತ್ರ, ಬರೆದುಕೊಳ್ಳಿ. ಮುಂದಿನ ತಿಂಗಳು ಆ ಪುಟಗಳನ್ನು ತನ್ನಿ. ತಾಲೂಕು ಕಚೇರಿಗೆ ಒಟ್ಟಿಗೇ ಹೋಗೋಣ. ಬಸ್ಸಿಗೆ ದುಡ್ಡು ಬೇಕಿಲ್ಲ, ಆಧಾರ್ ಕಾರ್ಡ್ ಮರೆಯಬೇಡಿ.