ಹೈಸ್ಕೂಲು ವಿದ್ಯಾರ್ಥಿಗಳ ಮನಃಸ್ವಾಸ್ಥ್ಯ

ಹೈಸ್ಕೂಲಿನ ಬಾಲಕ ಬಾಲಕಿಯರ ಎತ್ತರವನ್ನೂ ತೂಕವನ್ನೂ ಅಳೆದು ಬರೆದಿಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕಣ್ಣು, ಹಲ್ಲು, ಕಿವಿಗಳ ಪರೀಕ್ಷೆಯೂ ಅಲ್ಲಲ್ಲಿ ಆಗುವುದುಂಟು. ಮನಸ್ಸಿನ ಯೋಗಕ್ಷೇಮವನ್ನು ವಿಚಾರಿಸುವವರು ಮಾತ್ರ ವಿರಳ. ಮನೋವ್ಯಾಧಿಗಳಲ್ಲಿ ಅನೇಕವು ಮೊದಲು ತಲೆದೋರುವುದು ಈ ವಯಸ್ಸಿನಲ್ಲಿಯೇ ಎಂಬುದನ್ನು ವೈದ್ಯರು ಬಲ್ಲರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದವರ ಪೈಕಿ ನೂರಕ್ಕೆ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯುಂಟೆಂದು ಕಂಡುಬಂದಿತು. ಐವತ್ತು ಮಕ್ಕಳ ಒಂದು ತರಗತಿಯನ್ನು ಕಣ್ಣಮುಂದೆ ತಂದುಕೊಂಡರೆ, ಅದರಲ್ಲಿ ಮೂವರೋ ನಾಲ್ವರೋ ಇಂಥವರಿರುತ್ತಾರೆ. ಇವರು ಗಲಾಟೆ ಮಾಡುವವರೇ ಆಗಿರಬೇಕೆಂದಿಲ್ಲ. ಮೂಲೆಯ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತು, ‘ಒಳ್ಳೆಯ ಹುಡುಗ’ನೆನಿಸಿಕೊಂಡವನೂ ಆಗಿರಬಹುದು.

ಈ ವಿಷಯವನ್ನು ಈಗ ಪ್ರಸ್ತಾಪಿಸಲು ಒಂದು ಕಾರಣವುಂಟು. 2025ನೆಯ ಇಸವಿ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು ದೇಶದ ಎಲ್ಲ ವಿದ್ಯಾಸಂಸ್ಥೆಗಳಿಗೂ ಅನ್ವಯವಾಗುವ ಕೆಲವು ನಿರ್ದೇಶಗಳನ್ನು ಕೊಟ್ಟಿತು. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹನಾದ ಒಬ್ಬ ಆಪ್ತಸಲಹೆಗಾರನೋ ಮನಶ್ಶಾಸ್ತ್ರಜ್ಞನೋ ಸಮಾಜಕಾರ್ಯಕರ್ತನೋ ಇರತಕ್ಕದ್ದು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಬಂಧವಿಟ್ಟುಕೊಳ್ಳತಕ್ಕದ್ದು. ಅಂಕಗಳನ್ನು ನೋಡಿ ಮಕ್ಕಳನ್ನು ಬೇರೆ ಬೇರೆ ಗುಂಪುಗಳಾಗಿ ಒಡೆಯಬಾರದು, ನಾಲ್ವರ ಮುಂದೆ ಅವಮಾನಪಡಿಸಬಾರದು ಎಂಬುವು ಅವುಗಳಲ್ಲಿ ಮುಖ್ಯವಾದುವು. ಆಜ್ಞೆಯೇನೋ ಬಂದಿತು. ಆದರೆ ಅಂಥ ಅರ್ಹರು ಊರೂರಿಗೆ ದೊರಕುವಷ್ಟು ಮಂದಿ ನಮ್ಮಲ್ಲಿಲ್ಲ. ಇಂಥ ಪ್ರಸಂಗದಲ್ಲಿ ಶಾಲೆಗಳು ಹಿಡಿಯುವ ಸುಲಭಮಾರ್ಗ ಯಾವುದೆಂಬುದು ಎಲ್ಲರಿಗೂ ಗೊತ್ತು. ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ ಇವುಗಳ ಜೊತೆಗೆ ಇದೂ ಒಂದಿರಲೆಂದು, ಯಾರಾದರೊಬ್ಬ ಉಪಾಧ್ಯಾಯರ ಹೆಸರಿನ ಮುಂದೆ ‘ಸಲಹೆಗಾರರು’ ಎಂದು ಬರೆದುಬಿಡುವುದು! ಇದರಿಂದ ಕೆಲಸ ನಡೆದೀತೆ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಊಹೆಯ ಉತ್ತರ ಬೇಕಾಗಿಲ್ಲ. ಬಿಹಾರ ಪ್ರಾಂತದ ನಾಲಂದಾ ಜಿಲ್ಲೆಯಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಸಂಗಾತ್ ಎಂಬ ಸಂಸ್ಥೆಯವರು ಅಲ್ಲಿಯ 74 ಸರ್ಕಾರಿ ಹೈಸ್ಕೂಲುಗಳನ್ನು, ಚೀಟಿ ಎತ್ತಿದ ಹಾಗೆ ಪಕ್ಷಪಾತವಿಲ್ಲದೆ ಮೂರು ಪಾಲು ಮಾಡಿದರು. ಮೊದಲನೆಯ ಪಾಲಿನ ಶಾಲೆಗಳಲ್ಲಿ ಒಬ್ಬೊಬ್ಬ ಹೊರಗಿನ ವ್ಯಕ್ತಿಯನ್ನು ನೇಮಿಸಿ ಅವರನ್ನು ‘ಮಿತ್ರ’ರೆಂದು ಕರೆದರು. ಇವರು ಮನಶ್ಶಾಸ್ತ್ರದ ಪಂಡಿತರಲ್ಲ. ಈ ಕೆಲಸಕ್ಕೆಂದೇ ತರಬೇತು ಹೊಂದಿದ ಸಾಮಾನ್ಯ ಜನ. ಎರಡನೆಯ ಪಾಲಿನಲ್ಲಿ ಅದೇ ಕೆಲಸವನ್ನು ಆಯಾ ಶಾಲೆಯ ಉಪಾಧ್ಯಾಯರಿಗೇ ಒಪ್ಪಿಸಿದರು. ಮೂರನೆಯ ಪಾಲಿನಲ್ಲಿ ಮೊದಲಿನಿಂದ ಇದ್ದ ಪಾಠಕ್ರಮ ಮಾತ್ರ ನಡೆಯಿತು. ಕಾರ್ಯಕ್ರಮದಲ್ಲಿ ಆಡಂಬರವೇನೂ ಇರಲಿಲ್ಲ. ಗೋಡೆ ಪತ್ರಿಕೆ, ಮಕ್ಕಳು ತಮ್ಮ ದೂರನ್ನೂ ಸಂದೇಹವನ್ನೂ ಬರೆದು ಹಾಕುವ ಒಂದು ಪೆಟ್ಟಿಗೆ, ಸ್ಪರ್ಧೆಗಳು, ಗುಂಪು ಚರ್ಚೆ, ಬೇಕಾದವರಿಗೆ ಏಕಾಂತದಲ್ಲಿ ಸಲಹೆ, ಇಷ್ಟೇ.

ಎಂಟು ತಿಂಗಳ ತರುವಾಯ ಒಂಬತ್ತನೆಯ ತರಗತಿಯ 14,414 ವಿದ್ಯಾರ್ಥಿಗಳನ್ನು ಪ್ರಶ್ನಿಸಿ ನೋಡಿದರು. ‘ಮಿತ್ರ’ರಿದ್ದ ಶಾಲೆಗಳಲ್ಲಿ ವಾತಾವರಣವೇ ಬದಲಾಗಿದ್ದಿತು. ಮಕ್ಕಳಿಗೆ ಶಾಲೆ ತಮ್ಮದೆನಿಸಿತ್ತು. ಖಿನ್ನತೆಯ ಲಕ್ಷಣಗಳು, ಒಬ್ಬರನ್ನೊಬ್ಬರು ಪೀಡಿಸುವುದು, ಹೊಡೆದಾಟ ಇವೆಲ್ಲ ತಗ್ಗಿದ್ದುವು. ಉಪಾಧ್ಯಾಯರಿಗೇ ಕೆಲಸ ಒಪ್ಪಿಸಿದ್ದ ಶಾಲೆಗಳಿಗೂ ಏನೂ ಮಾಡದಿದ್ದ ಶಾಲೆಗಳಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಈ ವರದಿ 2018ರಲ್ಲಿ ಪ್ರಕಟವಾಯಿತು.

ಕಾರ್ಯಕ್ರಮ ಒಂದೇ, ಪೆಟ್ಟಿಗೆ ಒಂದೇ, ಗೋಡೆ ಪತ್ರಿಕೆ ಒಂದೇ. ಬದಲಾದುದು ಅದನ್ನು ನಡೆಸುವ ವ್ಯಕ್ತಿ ಮಾತ್ರ. ಇದಕ್ಕಾಗಿ ಉಪಾಧ್ಯಾಯರನ್ನು ದೂರುವುದು ಅನ್ಯಾಯವೆಂದೇ ನಮ್ಮ ಭಾವನೆ. ಅವರಿಗೆ ಪಾಠಗಳ ಹೊರೆ ಸಾಕಷ್ಟಿದೆ. ಅದಕ್ಕೂ ಮಿಗಿಲಾದ ಕಾರಣವೊಂದುಂಟು. ಬೆಳಗ್ಗೆ ಲೆಕ್ಕ ತಪ್ಪಿದ್ದಕ್ಕೆ ಗದರಿಸಿದವರ ಮುಂದೆ, ನಾಳೆ ಅಂಕ ಕೊಡಬೇಕಾದವರ ಮುಂದೆ, ತಂದೆ ಕುಡಿದು ಬಂದು ರಾತ್ರಿಯೆಲ್ಲ ರೇಗಾಡಿದನೆಂದು ಯಾವ ಹುಡುಗಿ ಬಾಯಿಬಿಟ್ಟಾಳು? ಆ ಮಾತು ಉಪಾಧ್ಯಾಯರ ಕೊಠಡಿಯಲ್ಲಿ ಹರಡೀತೆಂಬ ಅಂಜಿಕೆ ಬೇರೆ. ಉಪಾಧ್ಯಾಯರು ಎಷ್ಟೇ ಒಳ್ಳೆಯವರಾಗಿದ್ದರೂ ಅವರ ಕುರ್ಚಿ ಅಧಿಕಾರದ ಕುರ್ಚಿ.

ಹಾಗೆಂದು ಈ ಕ್ಷೇತ್ರದಲ್ಲಿ ಉಪಾಧ್ಯಾಯರಿಗೆ ಕೆಲಸವೇ ಇಲ್ಲವೆಂದು ಭಾವಿಸಬಾರದು. ನಿಮ್ಹಾನ್ಸ್‌ನವರು ನಮ್ಮ ಹೈಸ್ಕೂಲು ಉಪಾಧ್ಯಾಯರಿಗೇ ತರಬೇತು ಕೊಟ್ಟು, ಅವರ ಮೂಲಕ ‘ಜೀವನ ಕೌಶಲ’ಗಳ ಶಿಕ್ಷಣವನ್ನು ನಡೆಸಿದರು. ಕೋಪ ಬಂದಾಗ ಏನು ಮಾಡಬೇಕು, ಸ್ನೇಹಿತನ ಒತ್ತಾಯಕ್ಕೆ ‘ಆಗದು’ ಎನ್ನುವುದು ಹೇಗೆ, ಒಂದು ನಿರ್ಧಾರಕ್ಕೆ ಬರುವುದು ಹೇಗೆ ಎಂಬುವನ್ನು ಮಕ್ಕಳು ಆಟದಂತೆ ಆಡಿ ಕಲಿಯುತ್ತಾರೆ. 2010ರಲ್ಲಿ ಪ್ರಕಟವಾದ ಅದರ ಪರಿಶೀಲನೆಯಲ್ಲಿ, ಈ ಶಿಕ್ಷಣ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಡನೆ ಹೋಲಿಸಿದರು. ಪಡೆದವರಲ್ಲಿ ಸ್ವಾಭಿಮಾನ ಹೆಚ್ಚಾಗಿತ್ತು, ಶಾಲೆಯೊಡನೆಯೂ ಉಪಾಧ್ಯಾಯರೊಡನೆಯೂ ಹೊಂದಾಣಿಕೆ ಉತ್ತಮವಾಗಿತ್ತು. ಮನೋವ್ಯಾಧಿಯ ಲಕ್ಷಣಗಳಲ್ಲಿ ಮಾತ್ರ ಎರಡು ಗುಂಪುಗಳಿಗೂ ವ್ಯತ್ಯಾಸ ತೋರಲಿಲ್ಲ. ನಮಗೆ ತೋರುವಂತೆ ಇದರ ಅರ್ಥ ಸ್ಪಷ್ಟವಾಗಿಯೇ ಇದೆ: ಇಡೀ ತರಗತಿಗೆ ಕಲಿಸುವುದು ಉಪಾಧ್ಯಾಯರಿಂದ ಆಗುವ ಕೆಲಸ; ಒಬ್ಬನ ಗುಟ್ಟನ್ನು ಕೇಳುವುದು ಬೇರೊಬ್ಬರಿಗೆ ಸೇರಿದ್ದು.

ಯೂರೋಪಿನ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ. ಅಲ್ಲಿಯ ಹತ್ತು ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವೊಂದರ ಫಲ 2015ರಲ್ಲಿ ಹೊರಬಿದ್ದಿತು. ಒಂದು ಗುಂಪಿನ ಶಾಲೆಗಳಲ್ಲಿ, ಅಪಾಯದ ಚಿಹ್ನೆಗಳನ್ನು ಗುರುತಿಸುವಂತೆ ಉಪಾಧ್ಯಾಯರಿಗೆ ತರಬೇತು ಕೊಟ್ಟರು. ಇನ್ನೊಂದರಲ್ಲಿ ಹೊರಗಿನಿಂದ ಬಂದ ಮಾರ್ಗದರ್ಶಕರು, ದುಃಖ, ಜಗಳ, ನಿರಾಶೆಗಳ ಸನ್ನಿವೇಶಗಳನ್ನು ಮಕ್ಕಳಿಂದಲೇ ಅಭಿನಯ ಮಾಡಿಸಿ ಚರ್ಚೆಗೆ ತಂದರು. ಒಂದು ವರ್ಷದ ಮೇಲೆ ನೋಡಿದಾಗ, ಸಾಮಾನ್ಯ ಶಾಲೆಗಳ 2,256 ಮಕ್ಕಳಲ್ಲಿ 34 ಮಂದಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದರು. ಅಭಿನಯದ ಗುಂಪಿನ 1,987 ಮಂದಿಯಲ್ಲಿ 14 ಮಂದಿ. ಉಪಾಧ್ಯಾಯರ ತರಬೇತಿನಿಂದ ಗಣನೀಯವಾದ ಫಲ ಕಾಣಲಿಲ್ಲ. ಅಂತೆಯೇ ಇಂಗ್ಲೆಂಡು ಮೊದಲಾದ ಕಡೆಯ 85 ಶಾಲೆಗಳಲ್ಲಿ ಉಪಾಧ್ಯಾಯರ ಮೂಲಕ ಧ್ಯಾನದ ಅಭ್ಯಾಸವನ್ನು ಕಲಿಸಿ ನೋಡಿ, ಅದು ರೂಢಿಯ ಪಾಠಕ್ಕಿಂತ ಮೇಲಲ್ಲವೆಂದು 2022ರಲ್ಲಿ ಕಂಡುಕೊಂಡರು. ‘ಮಕ್ಕಳು ಕಣ್ಣು ಮುಚ್ಚಿ ಕುಳಿತರೆ ಎಲ್ಲ ಸರಿಹೋಗುತ್ತದೆ’ ಎನ್ನುವವರು ನಮ್ಮಲ್ಲಿ ಬಹಳವಾಗಿರುವುದರಿಂದ ಇದನ್ನು ಹೇಳಬೇಕಾಯಿತು.

ಇಲ್ಲಿ ಒಂದು ಸಂಗತಿ ನೆನಪಿಗೆ ಬರುತ್ತದೆ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಈ ಸೀಮೆಯಲ್ಲಿ ಆ ಶಾಸ್ತ್ರ ಹೊಸದಲ್ಲ. ಕಾಲೇಜಿನಿಂದ ಹೈಸ್ಕೂಲಿನ ಮೆಟ್ಟಿಲಿನವರೆಗೆ ಅದು ಇಳಿದು ಬರುವುದೇ ತಡವಾಗಿದೆ.

ಪ್ರಕೃತ ಮಾಡಬಹುದಾದುದೇನು? ಪ್ರತಿ ಹೈಸ್ಕೂಲಿಗೂ ಒಬ್ಬರು ದೊರೆಯದಿದ್ದರೆ, ಒಂದು ಹೋಬಳಿಯ ನಾಲ್ಕೈದು ಶಾಲೆಗಳಿಗೆ ಒಬ್ಬರಿರಲಿ. ವಾರದ ಒಂದು ದಿನ ಒಂದು ಶಾಲೆಗೆ ತಪ್ಪದೆ ಬರಲಿ. ತಪ್ಪದೆ ಎಂಬುದೇ ಮುಖ್ಯ. ಧೈರ್ಯ ಕೂಡಿಸಿಕೊಂಡು ಬಂದ ಮಗು ಬೀಗ ಹಾಕಿದ ಬಾಗಿಲನ್ನು ಒಮ್ಮೆ ಕಂಡರೆ ಮತ್ತೆ ಬರುವುದಿಲ್ಲ. ಅವರಿಗೆ ಪಾಠವನ್ನಾಗಲಿ ಪರೀಕ್ಷೆಯ ಮೇಲ್ವಿಚಾರಣೆಯನ್ನಾಗಲಿ ವಹಿಸಕೂಡದು. ಕೊಠಡಿ ಮುಖ್ಯೋಪಾಧ್ಯಾಯರ ಕೊಠಡಿಯ ಪಕ್ಕದಲ್ಲಿರದಿದ್ದರೆ ಲೇಸು. ಕೇಳಿದುದನ್ನು ಗುಟ್ಟಾಗಿಡುವೆವೆಂಬ ಭರವಸೆ ಬೇಕು; ಆದರೆ ಪ್ರಾಣಕ್ಕೆ ಅಪಾಯವಿದ್ದಾಗ ಹೇಳಬೇಕಾಗುವುದೆಂದೂ, ಲೈಂಗಿಕ ದೌರ್ಜನ್ಯವಾದಲ್ಲಿ 2012ರ ಪೋಕ್ಸೋ ಕಾಯಿದೆಯ ಮೇರೆಗೆ ಪೊಲೀಸರಿಗೆ ತಿಳಿಸಲೇಬೇಕೆಂದೂ ಮಗುವಿಗೆ ಮೊದಲೇ ಹೇಳಿರಬೇಕು. ತರುವಾಯ ಹೇಳಿದರೆ ಅದು ವಂಚನೆಯಂತೆ ತೋರುವುದು.

ಉಪಾಧ್ಯಾಯರೂ ತಾಯಿತಂದೆಗಳೂ ಗಮನಿಸತಕ್ಕವು ಕೆಲವುಂಟು. ಎರಡು ವಾರಗಳಿಗೂ ಮೀರಿ ನಿದ್ರೆ ಕೆಡುವುದು, ಊಟ ಬೇಡವೆನ್ನುವುದು, ಗೆಳೆಯರನ್ನು ಬಿಡುವುದು, ಆಸೆಪಟ್ಟು ಇಟ್ಟುಕೊಂಡಿದ್ದ ವಸ್ತುಗಳನ್ನು ಹಂಚಿಬಿಡುವುದು, ಸಾವಿನ ಮಾತನ್ನು ತಮಾಷೆಗೆಂಬಂತೆ ಆಡುವುದು. ಇಂಥ ಸಂದರ್ಭದಲ್ಲಿ ‘ಸಾಯಬೇಕೆಂದು ಅನ್ನಿಸುತ್ತದೆಯೇ?’ ಎಂದು ನೇರವಾಗಿ ಕೇಳುವುದಕ್ಕೆ ಹಿರಿಯರು ಹೆದರುತ್ತಾರೆ. ಕೇಳಿದುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬಹುಮಟ್ಟಿಗೆ, ಕೇಳಿದವರೊಬ್ಬರು ಸಿಕ್ಕಿದರೆಂದು ಮಗುವಿನ ಮನಸ್ಸು ಹಗುರವಾಗುವುದು.

ಎಸ್. ಎಸ್. ಎಲ್. ಸಿ. ಪರೀಕ್ಷೆಗೆ ಒಂದೇ ವರ್ಷದಲ್ಲಿ ಮೂರು ಅವಕಾಶಗಳನ್ನು ಕೊಡುವ ಪದ್ಧತಿ ನಮ್ಮ ರಾಜ್ಯದಲ್ಲಿ 2024ರಲ್ಲಿ ಆರಂಭವಾಯಿತು. ಆದರೂ ಫಲಿತಾಂಶದ ರಾತ್ರಿ ಶಾಲೆಯ ಬಾಗಿಲು ಮುಚ್ಚಿರುತ್ತದೆ, ಸಲಹೆಗಾರರು ಊರಿನಲ್ಲಿರುವುದಿಲ್ಲ. ಆ ಹೊತ್ತಿಗೆಂದು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯುಂಟು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ 14416. ಖರ್ಚಿಲ್ಲದೆ, ಹಗಲಿರುಳೂ, ಕನ್ನಡದಲ್ಲಿಯೇ ಮಾತನಾಡಬಹುದು. ಪರೀಕ್ಷೆಯ ಪ್ರವೇಶಪತ್ರದ ಒಂದು ಮೂಲೆಯಲ್ಲಿ ಈ ಐದು ಅಂಕಿಗಳನ್ನು ಅಚ್ಚು ಹಾಕಿಸಲು ಹೊಸ ನೇಮಕವೂ ಬೇಡ, ಹೊಸ ಹಣವೂ ಬೇಡ.